ಧಣಿಗಳ ಔದಾರ್ಯದಿಂದ

ಬಂಟ್ವಾಳ
೧೭ ಫೆಬ್ರವರಿ ೧೯೮೨

ಮಡಂತ್ಯಾರಿನಲ್ಲಿ ಊರಿನ ಮಕ್ಕಳ ಅಕ್ಷರ ತಿದ್ದುತ್ತ, ತನ್ನ ಅಕ್ಷರವನ್ನು ಮಾತ್ರ ತಿದ್ದಿಕೊಳ್ಳದ ನನ್ನ ಮಗಳು ಕಮಲಾವತಿಗೆ ತಂದೆಯ ಆಶೀರ್ವಾದ.

ನಿನ್ನ ಏಳನೆಯ ಕಥೆಯನ್ನು ನಕಲು ಮಾಡಿ, ನಿನ್ನೆ ಮೂಡಬಿದಿರೆಯ ಮುದ್ರಣಾಲಯಕ್ಕೆ ಖುದ್ದಾಗಿ ತಲುಪಿಸಿದ್ದೇನೆ. ನಿನ್ನ ಕೈಬರಹ ಓದಲಾಗುವುದಿಲ್ಲವೆಂದು ಅಚ್ಚಿನ ಮೊಳೆ ಜೋಡಿಸುವ ಧರ್ಣಪ್ಪ ಹಠ ಹಿಡಿದದ್ದರಿಂದಲೇ ಈ ಕೆಲಸ ನನ್ನ ಪಾಲಿಗೆ ಬಂತು. ಉಳಿದ ಆರು ಕಥೆಗಳು ಅಚ್ಚಾಗಿವೆ. ಇದೊಂದು ಸೇರಿದರೆ ಪುಸ್ತಕ ಪೂರ್ತಿಯಾಗುತ್ತದೆ.

ನಿನ್ನ ಪ್ರಕಾಶಕರನ್ನು ಕಂಡು ನನಗೆ ಹೇಸಿಗೆಯಾಯಿತೆಂದು ಮೊದಲೇ ತಿಳಿಸುತ್ತೇನೆ. ದನದ ಹಟ್ಟಿಯಾಗಿದ್ದ ಕೋಣೆಯೊಂದಕ್ಕೆ ಸುಣ್ಣ ಬಳಿದು ಅದನ್ನೇ ಪ್ರೆಸ್ಸು ಎನ್ನುತ್ತಾರೆ. ಒಳಗೆಲ್ಲ ಸೀಮೆಎಣ್ಣೆಯ ನಾತ. ಮಾಲೀಕ ಶಿವಸುಬ್ರಹ್ಮಣ್ಯ ನಾಲ್ಕು ಸಲ “ಸಾಹಿತ್ಯ ಸೇವೆ” ಎಂದರು. ನಾಲ್ಕು ಸಲವೂ ಅವರ ಬಾಯಲ್ಲಿ ಗೋಳಿಬಜೆ ಇತ್ತು. ಆ ಗೋಳಿಬಜೆ ಇಟ್ಟುಕೊಂಡಿದ್ದ ಕಾಗದದ ಮೇಲೆ ನಿನ್ನ ಎರಡನೆಯ ಕಥೆ ಅಚ್ಚಾಗಿತ್ತು. ಕೇಳಿದರೆ, “ಅದು ಹಾಳಾದ ಹಾಳೆ, ಬೇಜಾರು ಮಾಡಬೇಡಿ” ಎಂದು ಎಣ್ಣೆಗೈಯನ್ನು ಅದಕ್ಕೇ ಒರೆಸಿಕೊಂಡರು. ಇಂಥವರು ನಿನ್ನನ್ನು ಉದಯೋನ್ಮುಖ ಲೇಖಕಿ ಎಂದು ಕರೆದು ಮುನ್ನುಡಿ ಬರೆದಿದ್ದಾರೆ.

ಆದರೆ ನಾನು ಈ ಕಾಗದ ಬರೆಯಲು ಕುಳಿತದ್ದು ಗೋಳಿಬಜೆಯ ದೂರು ಹೇಳುವುದಕ್ಕಲ್ಲ.

ನಿನ್ನ ಕಥೆಯನ್ನು ನಕಲು ಮಾಡುತ್ತ ಮೂರನೆಯ ಪುಟಕ್ಕೆ ಬಂದಾಗ ನನ್ನ ಪೆನ್ನು ನಿಂತಿತು. ಸಿದ್ಧಕಟ್ಟೆಯ ವಿಧವೆಯೊಬ್ಬಳು ಇಪ್ಪತ್ತು ವರ್ಷ ಗೇಣಿಗೆ ಉತ್ತ ಗದ್ದೆಯನ್ನು, ಉಳುವವನೇ ಒಡೆಯನೆಂಬ ಹೊಸ ಕಾನೂನಿನಂತೆ, ತನ್ನ ಹೆಸರಿಗೆ ಕೇಳುತ್ತಾಳೆ. ಗೇಣಿ ಚೀಟಿಯೆಂಬುದು ಅವಳಲ್ಲಿಲ್ಲ, ಧಣಿಗಳು ಯಾರಿಗೂ ಕೊಟ್ಟವರಲ್ಲ. ಇರುವುದು ಅರ್ಜಿಯೊಂದೇ. ಆ ಅರ್ಜಿಯಲ್ಲಿ “ಧಣಿಗಳ ಔದಾರ್ಯದಿಂದ ಸದರಿ ಗದ್ದೆಯನ್ನು ಅನುಭವಿಸಿಕೊಂಡು ಬರುತ್ತಿರುವ” ಎಂಬ ಸಾಲಿರುತ್ತದೆ. ಔದಾರ್ಯದಿಂದ ಅನುಭವಿಸಿದವಳು ಗೇಣಿದಾರಳಲ್ಲವೆಂದು ಧಣಿಗಳ ವಕೀಲರು ವಾದಿಸುತ್ತಾರೆ. ಗದ್ದೆ ಹೋಗುತ್ತದೆ. ಅರ್ಜಿ ಬರೆದವನನ್ನು ನೀನು “ಯಾರೋ ಒಬ್ಬ ಬರಹಗಾರ” ಎಂದು ಕರೆದು ಮುಂದೆ ಸಾಗಿದ್ದೀ.

ಆ ಯಾರೋ ಒಬ್ಬನ ಮುಂದೆ ಕುಳಿತು ನೀನು ಕಾಗುಣಿತ ಕಲಿತೆ. ನನ್ನ ಹೆಸರು ಮುಚ್ಚಿಟ್ಟ ನಿನ್ನ ಈ ಕರುಣೆಯೂ ನನಗೆ ಹೇಸಿಗೆ ತಂದಿತು.

ಮೂವತ್ತೆಂಟು ವರ್ಷ ತಾಲೂಕು ಕಚೇರಿಯೆದುರಿನ ಜಗಲಿಯಲ್ಲಿ ಕುಳಿತು ಅರ್ಜಿ ಬರೆದವನು ನಾನು. ನನ್ನ ಗುರುಗಳು ಕೊಟ್ಟ ಮಾದರಿ ಪುಸ್ತಕದಲ್ಲಿ ಒಕ್ಕಲಿನವರ ಪ್ರತಿಯೊಂದು ಅರ್ಜಿಯೂ ಆ ಸಾಲಿನಿಂದಲೇ ಆರಂಭವಾಗುತ್ತದೆ. ಅದನ್ನು ನಾನು ಸಾವಿರ ಸಲ ಬರೆದಿರಬೇಕು. ಅದರಲ್ಲಿ ವಿನಯವಿತ್ತು, ಲಯವಿತ್ತು. ಅಮಲ್ದಾರರೊಬ್ಬರು ಅದನ್ನು ಗಟ್ಟಿಯಾಗಿ ಓದಿ ತಲೆದೂಗಿದ್ದುಂಟು. ಕಾನೂನು ಬದಲಾದ ಮೇಲೆ ಆ ಸಾಲು ಹಗ್ಗವಾಗಿ ಒಬ್ಬಳ ಕೊರಳಿಗೆ ಬೀಳುತ್ತದೆಂದು ನನಗೆ ಹೊಳೆಯಲಿಲ್ಲ.

ಹೀಗೆಂದೇ ನಾನು ನನ್ನನ್ನು ಸಮಾಧಾನಪಡಿಸಿಕೊಂಡಿದ್ದೆ. ಸಮಾಧಾನಪಡಿಸಿಕೊಂಡೇ ನಿನ್ನ ಕಥೆಯನ್ನು ತಿದ್ದಿದೆ. ಹೌದು, ತಿದ್ದಿದೆ. ಆ ಸಾಲನ್ನು ಬಿಟ್ಟು, “ದುರ್ದೈವವಶಾತ್ ಸದರಿಯವಳ ಮನವಿಯು ಪುರಸ್ಕೃತವಾಗಲಿಲ್ಲ” ಎಂದು ಸೇರಿಸಿದೆ. ಉಳಿದ ಪುಟಗಳಿಗೂ ಅದೇ ಅರ್ಜಿಯ ಭಾಷೆ ತೊಡಿಸಿದೆ. ಆ ನಕಲನ್ನು ಮಡಚಿ ಜೇಬಿನಲ್ಲಿಟ್ಟುಕೊಂಡೇ ಮೂಡಬಿದಿರೆಯ ಬಸ್ಸು ಹತ್ತಿದೆ.

ಧರ್ಣಪ್ಪ ಎರಡು ಪುಟ ಓದಿ ಕನ್ನಡಕ ತೆಗೆದ. “ಇದು ಕಥೆಯಾ, ತಹಶೀಲ್ದಾರರಿಗೆ ಅರ್ಜಿಯಾ ಮಾರಾಯ್ರೆ? ಇಷ್ಟೊಂದು ‘ಸದರಿ’ಗೆ ನನ್ನಲ್ಲಿ ಮೊಳೆ ಸಾಲುವುದಿಲ್ಲ” ಎಂದ. ಮೂಲೆಯಲ್ಲಿ ಚಾಪೆಯ ಮೇಲೆ ಕುಳಿತು ಅಚ್ಚಾದ ಹಾಳೆ ಮಡಚುತ್ತಿದ್ದ ಹೆಂಗಸು ಕಿಸಕ್ಕನೆ ನಕ್ಕಳು. ತಿರುಗಿ ನೋಡಿದೆ. ಸಿದ್ಧಕಟ್ಟೆಯ ಬೀಯಮ್ಮ.

ಗದ್ದೆ ಕಳೆದುಕೊಂಡವಳು ಆ ಪ್ರೆಸ್ಸಿನಲ್ಲಿ ಹಾಳೆ ಮಡಚುತ್ತಾಳೆಂದು ನೀನು ನನಗೇಕೆ ಹೇಳಲಿಲ್ಲ? ತೀರ್ಪಿನ ಪ್ರತಿಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಇಟ್ಟುಕೊಂಡಿದ್ದವಳು ಅದನ್ನು ನಿನ್ನಿಂದ ಓದಿಸಿಕೊಂಡಳಂತೆ. ಅರ್ಜಿಯ ಸಾಲು ನಿನಗೆ ಸಿಕ್ಕಿದ್ದು ಅಲ್ಲಿ. ಸಿಕ್ಕ ಮೇಲೆ, ಅದರಿಂದಲೇ ಗದ್ದೆ ಹೋಯಿತೆಂದು ಅವಳಿಗೆ ಹೇಳುವ ಧೈರ್ಯ ನಿನಗೂ ಬರಲಿಲ್ಲ. ಕಥೆ ಬರೆಯುವ ಧೈರ್ಯ ಬಂತು. ಈ ವಿಷಯದಲ್ಲಿ ನೀನು ನನ್ನ ಮಗಳೇ ಸರಿ.

ಅವಳು ಎದ್ದು ನನಗೆ ಸ್ಟೂಲು ಸರಿಸಿದಳು. “ಕೂತುಕೊಳ್ಳಿ ರೈಟ್ರೇ. ನಿಮ್ಮ ಮಗಳು ನನ್ನ ಗದ್ದೆಯ ಸಂಗತಿ ಬರೆದಿದ್ದಾರಲ್ಲ, ನಾನು ಹೇಳಿದ ಹಾಗೇ ಉಂಟಾ? ನನಗೆ ಓದ್ಲಿಕ್ಕೆ ಬರುವುದಿಲ್ಲ. ಸ್ವಲ್ಪ ಓದಿ ಹೇಳಿ” ಎಂದಳು.

ಓದಿದೆ. ತಿದ್ದಿದ್ದನ್ನೇ, ಮೊದಲಿನಿಂದ ಕೊನೆಯವರೆಗೆ. ಅವಳು ಮಡಚುವ ಕೈ ನಿಲ್ಲಿಸದೆ ಕೇಳಿ, “ಚಂದ ಉಂಟು. ಆಗ ಬರೆದ ಅರ್ಜಿಯೂ ಹೀಗೆಯೇ ಚಂದ ಇತ್ತು. ಅರ್ಥ ಮಾತ್ರ ಆಗಲಿಲ್ಲ” ಎಂದಳು. ಅವಳ ಮಾತಿನಲ್ಲಿ ಕುಟುಕು ಇರಲಿಲ್ಲ ಕಮಲಾ. ನನ್ನ ಬರವಣಿಗೆಯ ಮೇಲೆ ಅವಳಿಗೆ ಇನ್ನೂ ಗೌರವ. ತನ್ನ ಹಣೆಬರಹವೇ ಸರಿಯಿರಲಿಲ್ಲವೆಂದು ಇಷ್ಟು ವರ್ಷ ನಂಬಿದ್ದಾಳೆ.

ಆ ಕ್ಷಣ ನನ್ನ ಕೈಬರಹ ಕಂಡು ನನಗಾದ ಅಸಹ್ಯವನ್ನು ಯಾವ ಮಾದರಿ ಪುಸ್ತಕದ ಮಾತಿನಲ್ಲಿ ತಿಳಿಸಲಿ? ದುಂಡಾದ ಅಕ್ಷರ, ಸಮನಾದ ಸಾಲು, ಎಲ್ಲೂ ಒಂದು ಚಿತ್ತಿಲ್ಲ. ಅಷ್ಟು ಚೊಕ್ಕವಾಗಿ ನಾನು ಒಬ್ಬಳ ಬಾಯಿ ಮುಚ್ಚಿದ್ದೆ, ಎರಡನೆಯ ಸಲ.

ಆ ಪುಟಗಳನ್ನು ಹರಿದು ಶಿವಸುಬ್ರಹ್ಮಣ್ಯರ ಗೋಳಿಬಜೆಗೆ ಕೊಟ್ಟೆ. ನಿನ್ನ ಮೂಲ ಪ್ರತಿಯನ್ನು ಚೀಲದಿಂದ ತೆಗೆದು, ಧರ್ಣಪ್ಪನ ಮೇಜಿನ ತುದಿಯಲ್ಲಿ ಕುಳಿತು ನಿನ್ನ ಮಾತುಗಳನ್ನೇ ನಕಲು ಮಾಡಿದೆ. ಆ ಅರ್ಜಿಯ ಸಾಲಿನದ್ದು ಬಿಟ್ಟರೆ ಒಂದು ‘ಸದರಿ’ಯೂ ಇಲ್ಲ. ಮಧ್ಯಾಹ್ನದ ಊಟ ತಪ್ಪಿತು, ಚಿಂತಿಲ್ಲ.

ಕರಡಚ್ಚು ಶನಿವಾರದ ಬಸ್ಸಿನಲ್ಲಿ ನಿನಗೆ ಬರುತ್ತದೆ. ನೋಡಿ ಕೂಡಲೇ ಹಿಂದಿರುಗಿಸು. ಮುನ್ನುಡಿಯ ‘ಉದಯೋನ್ಮುಖ’ವನ್ನು ಮರೆಯದೆ ಹೊಡೆದುಹಾಕು.

ಇಂತು ನಿನ್ನ ತಂದೆ,
ಅನಂತರಾಜ
(ನಿನ್ನ ಕಥೆಯ ಯಾರೋ ಒಬ್ಬ)

ತಾ.ಕ.: ಮೂರನೆಯ ಪುಟದಲ್ಲಿ ನೀನು ಬರೆಯದ ಎರಡು ವಾಕ್ಯಗಳಿವೆ. ಧರ್ಣಪ್ಪ ಆಗಲೇ ಮೊಳೆ ಜೋಡಿಸಿದ್ದಾನೆ. ಹೊಡೆದುಹಾಕಬೇಡ. ಬೀಯಮ್ಮ ಅವನ್ನು ನಿನಗೆ ಹೇಳಿರಲಾರಳು. ಅವಳಿಗೆ ಅದು ಹೇಳುವಂಥ ಸಂಗತಿಯೆಂದೇ ಗೊತ್ತಿರಲಿಲ್ಲ. ಮೊದಲನೆಯದು, ಅರ್ಜಿ ಬರೆಸಿದ ದಿನ ಜಗಲಿಯಲ್ಲಿ ನನ್ನೆದುರು ಕುಳಿತು ಅವಳು ಅಂದದ್ದು: “ನಾನು ವರ್ಷವೂ ಗೇಣಿ ಅಕ್ಕಿ ಹೊತ್ತು ಹಾಕಿದ್ದೇನೆ, ಯಾರ ದಯೆಯೂ ಅಲ್ಲ, ಅಷ್ಟೇ ಬರೆಯಿರಿ ರೈಟ್ರೇ.” ಎರಡನೆಯದು: ಅದು ಅರ್ಜಿಗೆ ಶೋಭಿಸುವ ಭಾಷೆಯಲ್ಲವೆಂದು ನಕ್ಕು, ಅನಂತರಾಜನೆಂಬ ಬರಹಗಾರ ತನ್ನ ಸಾಲನ್ನು ಬರೆದ. ಹೊಸ ಪ್ರತಿಯನ್ನೂ ನಿನ್ನೆ ಅವಳಿಗೆ ಓದಿ ಹೇಳಿದೆ. ಅಲ್ಲಿಗೆ ಬಂದಾಗ ಮಡಚುವ ಕೈ ನಿಂತಿತು. ಅವಳು ಕೇಳಿದ್ದು ಒಂದೇ ಮಾತು: “ಇದನ್ನು ಆಗಲೇ ಬರೆಯಬಹುದಿತ್ತಲ್ಲ ರೈಟ್ರೇ?”