ಸೆಲ್ಯೂಟ್ ಹೊಡೆದ ಬೋಡಾ ಸವಾರ

ಲುಟಾಯ ಅಣ್ಣಾ,

ಓದಲು ನೀನು ಬದುಕಿಲ್ಲ, ಗೊತ್ತು. ನಿನ್ನನ್ನು ಜೈಲಿಗೆ ಕಳಿಸಿದ ಸೇನಾ ಕೋರ್ಟಿಗೇ ಈಗ ನಾನು ದಿನಾ ಹೋಗಿ ಕೂರುತ್ತೇನೆ. ವಿಚಾರಣೆ ನ್ಯಾಯವಾಗಿ ನಡೆಯುತ್ತದೋ ಇಲ್ಲವೋ ನೋಡಿ ಬಂದು ಮಾನವ ಹಕ್ಕುಗಳ ಸಂಘದವರಿಗೆ ಹೇಳಬೇಕು. ಒಳಗೆ ಬಾಯಿ ತೆರೆಯಬಾರದು. ತೆರೆದರೆ ನಾಳೆಯಿಂದ ಯಾರನ್ನೂ ಒಳಗೆ ಬಿಡುವುದಿಲ್ಲವೇನೋ ಎಂದು ನನಗೆ ದಿನವೂ ಹೆದರಿಕೆ.

ಇವತ್ತು ಕಂಪಾಲದಲ್ಲಿ ಬಾಡಿಗೆಗೆ ಜನರನ್ನು ಕೂರಿಸಿಕೊಂಡು ಬೋಡಾ ಬೈಕು ಓಡಿಸುವ ಸೆಕಾಂಡಿಯ ಸರದಿ. ಬಂಡುಕೋರರ ಜೊತೆ ಸೇರಿದ್ದನೆಂದು ಆರೋಪ. ಅವನ ಪರವಾಗಿ ಕೋರ್ಟೇ ಕೊಟ್ಟ ವಕೀಲನೂ ಸೈನಿಕನೇ. ಎದ್ದವನೇ ನ್ಯಾಯಾಧೀಶರಿಗೆ ಸೆಲ್ಯೂಟ್ ಹೊಡೆದ. ಇಲ್ಲಿ ಎಲ್ಲರೂ ಹಾಗೆ ಮಾಡಬೇಕೇನೋ ಎಂದು ಹೆದರಿ ಸೆಕಾಂಡಿಯೂ ಹೊಡೆದ. ಜನ ಗೊಳ್ಳೆಂದು ನಕ್ಕರು. ಸರ್ಕಾರದ ಪರ ವಾದಿಸುವ ಅಧಿಕಾರಿ ಮಾತ್ರ ನಗಲಿಲ್ಲ.

"ನೋಡಿ ಸರ್, ಎಷ್ಟು ಚೆನ್ನಾಗಿ ಹೊಡೀತಾನೆ. ತರಬೇತಿ ಯಾರು ಕೊಟ್ರು ಅಂತ ಕೇಳಿ," ಅಂದ.

ನ್ಯಾಯಾಧೀಶರು ಅದನ್ನು ಬರೆದುಕೊಂಡರು. ವಕೀಲ ತುಟಿ ಬಿಚ್ಚಲಿಲ್ಲ. ನಾನೂ ಬಿಚ್ಚಲಿಲ್ಲ.

ಗೇಟಿನ ಹೊರಗೆ ಸೆಕಾಂಡಿಯ ತಾಯಿ ನನ್ನ ಕೈ ಹಿಡಿದುಕೊಂಡಳು.

"ಒಳಗೆ ನಕ್ಕಿದ್ದು ಕೇಳಿಸ್ತು ಕಣವ್ವ. ನಗ್ತಿದ್ರು ಅಂದ್ರೆ ಒಳ್ಳೇದೇ ಅಲ್ವಾ?"

"ಹೂಂ ಅಮ್ಮ, ಒಳ್ಳೇದೇ," ಅಂದೆ.

ನಿನ್ನ ವಿಚಾರಣೆಯ ದಿನ ನಾನೂ ಅದೇ ಗೇಟಿನ ಹೊರಗೆ ನಿಂತಿದ್ದೆ ಅಣ್ಣಾ. ನನಗೂ ನಗು ಕೇಳಿಸಿತ್ತು. ಸಮಾಧಾನದಿಂದ ಮನೆಗೆ ಹೋಗಿ, ನೀನು ಬರುತ್ತೀಯೆಂದು ಬಾಳೆಕಾಯಿ ಮಟೋಕೆ ಬೇಯಿಸಿಟ್ಟಿದ್ದೆ.