ಗ್ಲೌಸ್ ಒಳಗಿನ ಬಿಳುಪು

ಭಾನುವಾರ, ಮಾರ್ಚ್ ೧೪

ನನ್ನ ಮುದ್ದು ತಂಗೀ,

ನಾವೆಲ್ಲ ಚೆನ್ನಾಗಿದ್ದೀವಿ. ನಿನ್ನ ಕಾಗದಗಳಿಗೆ ಉತ್ತರ ಬರೀಲಿಲ್ಲ, ಫೋನೂ ಎತ್ತಲಿಲ್ಲ; ಬೈಯೋದಿದ್ರೆ ಬೈದುಬಿಡು. ಪೆನ್ನು ಹಿಡಿದರೆ ಕಣ್ಣು ಬೆರಳ ಮೇಲಿನ ಬಿಳಿ ಮಚ್ಚೆಗೇ ಹೋಗ್ತಿತ್ತು ಕಣೇ. ತೊನ್ನೇ ಇರ್ಬೇಕು, ಇನ್ನು ಮೈಯೆಲ್ಲ ಹರಡುತ್ತೆ ಅಂತ ದಿಗಿಲು.

ಚಳಿಗಾಲದಲ್ಲಿ ನಿಮ್ಮ ಭಾವ ಬಲವಂತ ಮಾಡಿ ಚರ್ಮದ ಡಾಕ್ಟರ ಹತ್ರ ಕರ್ಕೊಂಡು ಹೋದ್ರು. ಡಾಕ್ಟರಮ್ಮ ಕೋಣೆ ಕತ್ತಲೆ ಮಾಡಿ, ನೇರಳೆ ಬೆಳಕಿನ ಪುಟ್ಟ ದೀಪ ಹಿಡಿದ್ರು. ಅಯ್ಯೋ, ಮಚ್ಚೆಗಳೆಲ್ಲ ಸುಣ್ಣ ಬಳಿದ ಹಾಗೆ ಹೊಳೆದವು! ಅವರು ಮಾತ್ರ ನನ್ನ ಮಣಿಕಟ್ಟನ್ನೇ ನೋಡ್ತಾ, "ಬಿಳುಪು ಇಲ್ಲಿಗೆ ಗೆರೆ ಎಳೆದ ಹಾಗೆ ನಿಂತಿದೆಯಲ್ಲ, ಏನು ಕೆಲಸ ನಿಮ್ಮದು?" ಅಂದ್ರು. ಪಾರ್ಲರಲ್ಲಿ ತಲೆಗೂದಲಿಗೆ ಬಣ್ಣ ಹಚ್ಚೋದು, ರಬ್ಬರ್ ಗ್ಲೌಸ್ ಹಾಕ್ಕೋತೀನಿ ಅಂದೆ. "ದಿನಕ್ಕೆ ಎಷ್ಟು ಹೊತ್ತು?"

ಈಗ ನಗಬೇಡ. ಮಚ್ಚೆ ಕಂಡಾಗಿನಿಂದ ನಾನು ಗ್ಲೌಸ್ ಬಿಚ್ಚುತ್ತಲೇ ಇರಲಿಲ್ಲ! ಗಿರಾಕಿಗಳು ನೋಡಿ ಮುಖ ಸಿಂಡರಿಸಿದ್ರೆ ಕೆಲಸ ಹೋಗುತ್ತಲ್ಲ. ಹುಬ್ಬು ತಿದ್ದೋವಾಗ್ಲೂ ಗ್ಲೌಸು, ಬಸ್ಸಲ್ಲೂ ಗ್ಲೌಸು. "ಏನೇ, ಆಪರೇಷನ್ ಮಾಡೋಕೆ ಹೊರಟಿದ್ದೀಯಾ?" ಅಂತ ಪಾರ್ಲರ್ ಯಜಮಾನಿ ರೇಗಿಸ್ತಿದ್ಲು. ಡಾಕ್ಟರಮ್ಮನೂ ನಕ್ಕೇಬಿಟ್ರು. "ಆ ರಬ್ಬರಿನ ರಾಸಾಯನಿಕವೇ ಕೆಲವರ ಚರ್ಮದ ಬಣ್ಣ ಕಳೆಯುತ್ತೆ ಕಣಮ್ಮ. ಯಾವುದು ಮಚ್ಚೆ ತಂತೋ ಅದರೊಳಗೇ ಕೈ ಮುಚ್ಚಿಟ್ಟಿದ್ದೀರಲ್ಲ!"

ಗ್ಲೌಸು ಕಸದ ಬುಟ್ಟಿ ಸೇರಿತು. ಬಣ್ಣ ಹಚ್ಚೋ ಕೆಲಸ ಸದ್ಯಕ್ಕೆ ಬೇಡ ಅಂದ್ರು. ಮುಲಾಮು ಹಚ್ಚೋದು, ಆಸ್ಪತ್ರೆಗೆ ಹೋಗಿ ಬೆಳಕಿನ ಪೆಟ್ಟಿಗೆಯೊಳಗೆ ಕೈ ಇಟ್ಕೊಂಡು ಕೂರೋದು. ಏನೂ ಗುಣ ಕಾಣದೆ ರೋಸಿಹೋಗಿದ್ದೆ. ಮೊನ್ನೆ ನೋಡ್ತೀನಿ, ಬಿಳುಪಿನ ನಡುವೆ ಸಾಸಿವೆ ಚೆಲ್ಲಿದ ಹಾಗೆ ಕಂದು ಚುಕ್ಕಿಗಳು! ಚರ್ಮದ ಬಣ್ಣ ಕೈಮೇಲಿನ ಸಣ್ಣ ಕೂದಲ ಬುಡದಿಂದ ಹೀಗೇ ವಾಪಸ್ ಬರೋದಂತೆ. ಅಡಿಗೆಮನೇಲಿ ನಿಂತು ಗೊಳೋ ಅಂತ ಅತ್ತೆ. ಬೆರಳ ತುದಿಯದು ಹಾಗೇ ಉಳೀಬಹುದಂತೆ, ಉಳೀಲಿ ಬಿಡು. ಈಗ ಬರಿಗೈಯಲ್ಲೇ ಕೂದಲು ಕತ್ತರಿಸ್ತೀನಿ. ಒಬ್ಬಾಕೆ ಬೇರೆ ಕುರ್ಚಿಗೆ ಎದ್ದುಹೋದ್ಲು. ಉಳಿದವರು ಹರಟೆ ಹೊಡೀತಾ ಕೂತಿರ್ತಾರೆ.

ನಿನಗೂ ನಿಮ್ಮ ಯಜಮಾನ್ರಿಗೂ ಒಳ್ಳೇದಾಗ್ಲಿ. ಪುಟ್ಟ ಕಂದ ನೂರು ಕಾಲ ಬಾಳ್ಲಿ.

ನಿನ್ನ
ಅಕ್ಕ

ಮತ್ತೆ, ಮರೆತದ್ದಲ್ಲ, ಮೇಲೆ ಬರೆಯೋಕೆ ಆಗಲಿಲ್ಲ: ಕಳೆದ ಸಲ ನಿಮ್ಮನೆಗೆ ಬಂದಾಗ ಗ್ಲೌಸ್ ಬಿಚ್ಚಿ ಕಂದನನ್ನ ಎತ್ಕೊಂಡಿದ್ದೆ. "ಅವನಿಗೆ ನಿದ್ದೆ ಬಂದಿದೆ ಕಣಕ್ಕಾ" ಅಂತ ನೀನು ನನ್ನ ಕೈಯಿಂದ ಇಸ್ಕೊಂಡೆ. ಅವನು ನನ್ನ ಮೂಗು ಹಿಡ್ಕೊಂಡು ಕೇಕೆ ಹಾಕ್ತಿದ್ದ. ಒಳಗೆ ನೀನು ಅವನ ಕೈಕಾಲು ತೊಳೆದದ್ದೂ ನನಗೆ ಕೇಳಿಸ್ತು. ಇದು ಅಂಟೋದಲ್ವಂತೆ ಕಣೇ, ಆವತ್ತೂ ಅಂಟ್ತಿರಲಿಲ್ಲ. ಮುಂದಿನ ತಿಂಗಳು ಬರ್ತೀನಿ. ಎತ್ಕೊಳ್ಳಲಾ ಅಂತ ನಾನು ಕೇಳಲ್ಲ. ನೀನೇ ಕೊಡ್ಬೇಕು.