ಕೋವೆಂಟ್ರಿ ಚರ್ಚಿನ ಟೋಕನ್

ಫೆಬ್ರವರಿ 3, ಶನಿವಾರ. ನ್ಯೂರೆಂಬರ್ಗ್

ಎಂದಿನ ಶನಿವಾರದಂತೆ ಓಟ್ಮಾರ್ ಅವರ ಮನೆ. ಕಾಫಿ, ಲೆನ್ಸು, ಟ್ರೇಗಳು. ಅವರ ಸಂಗ್ರಹದ ಫೋಟೋ ತೆಗೆದು ಪಟ್ಟಿ ಮಾಡಿಕೊಡುವ ಕೆಲಸ ಅರ್ಧ ಮುಗಿಯಿತು. ಇನ್ನೂರು ವರ್ಷಗಳಿಗೂ ಹಿಂದೆ, ಇಂಗ್ಲೆಂಡಿನಲ್ಲಿ ಚಿಲ್ಲರೆ ಸಿಗದಾಗ ವ್ಯಾಪಾರಿಗಳೇ ಹೊಡೆಸಿಕೊಂಡ ತಾಮ್ರದ ಟೋಕನ್‌ಗಳು. ಮೇಲೆ ಚರ್ಚು, ಸೇತುವೆ, ಜೈಲು. ನನ್ನ ಬಳಿ ಮೂವತ್ತೊಂದು. ಅವರ ಬಳಿ ನಾನೂರು.

ಇವತ್ತು ಕೋವೆಂಟ್ರಿಯ ಚರ್ಚು ಕೈಗೆ ಬಂತು. ಗೋಪುರದ ಕಿಟಕಿಗಳು ಕೂಡ ಸವೆದಿಲ್ಲ. ಓಟ್ಮಾರ್‌ಗೆ ಎಂಬತ್ತನಾಲ್ಕು, ಕಣ್ಣು ಮಂಜು. ಬೆರಳಿನಿಂದ ಸವರಿ ಹೇಳಿದರು: "ಯುದ್ಧದಲ್ಲಿ ಈ ಚರ್ಚನ್ನು ಕೆಡವಿದ್ದು ನಮ್ಮ ವಿಮಾನಗಳು. ನಮ್ಮೂರನ್ನು ಕೆಡವಿದ್ದು ಅವರವು. ನಾನಾಗ ನೆಲಮಾಳಿಗೆಯಲ್ಲಿ, ಅಮ್ಮನ ಮಡಿಲಲ್ಲಿ. ಇದನ್ನು ಯಾರಿಗೂ ಕೊಡುವುದಿಲ್ಲ."

ಬಾತ್‌ರೂಮಿಗೆ ಎದ್ದು ಹೋದರು. ಜೇಬಿಗೆ ಹಾಕಿಕೊಂಡೆ.

ಫೆಬ್ರವರಿ 4

ನೇತ್ರಾ ನೋಡಿಬಿಟ್ಟಳು. "ಹೊಸಾದೇನ್ರಿ?" ಹೂಂ ಅಂದೆ. ಆನ್‌ಲೈನ್ ಅಂದೆ. ಹೆಂಡತಿಗೆ ಸುಳ್ಳು ಹೇಳುವುದು ಇಷ್ಟು ಸಲೀಸು ಅಂತ ಗೊತ್ತಿರಲಿಲ್ಲ.

ಫೆಬ್ರವರಿ 13

ಓಟ್ಮಾರ್ ಫೋನ್. ಟ್ರೇಯನ್ನು ಕೈಯಿಂದಲೇ ಸವರಿ ನೋಡಿದ್ದಾರೆ, ಒಂದು ಗುಳಿ ಖಾಲಿ.

ಅವರ ಅಡುಗೆ, ಶಾಪಿಂಗ್ ನೋಡಿಕೊಳ್ಳುವವಳು ವಿಜಯಶ್ರೀ. ಗದಗಿನ ಹುಡುಗಿ, ಇಲ್ಲಿ ಮಾಸ್ಟರ್ಸ್ ಮಾಡುತ್ತಿದ್ದಾಳೆ. ವಾರಕ್ಕೆ ಕೆಲವೇ ಗಂಟೆಗಳ ಆ ಮಿನಿಜಾಬ್ ಕೊಡಿಸಿದ್ದು ನಾನೇ.

ಓಟ್ಮಾರ್ ಕೇಳಿದರು: "ಅವಳು ತೆಗೆದಿರಬಹುದೇ?"

"ಗೊತ್ತಿಲ್ಲ" ಅಂದೆ.

ಫೆಬ್ರವರಿ 16, ಸಂಜೆ

ವಿಜಯಶ್ರೀ ಫೋನ್. "ಸುನೀಲಣ್ಣಾರ, ಅಜ್ಜಾರ ಮಗಳು ಬಂದು ಮನಿ ಕೀಲಿ ಇಸ್ಕೊಂಡ್ಲು. ನಾ ಏನೂ ತಗೊಂಡಿಲ್ರಿ. ನಿಮಗರ ಗೊತ್ತೈತಲ್ರಿ?"

"ಗೊತ್ತೈತಿ ತಂಗಿ."

"ಹಂಗಾರ ಒಂದ್ ಮಾತ ಹೇಳ್ರಿ ಅವ್ರಿಗೆ."

ಹೇಳ್ತೀನಿ ಅಂದೆ...

ಮಾರ್ಚ್ 9

ಹೇಳಲಿಲ್ಲ. ಓಟ್ಮಾರ್ ಮನೆಗೂ ಹೋಗಲಿಲ್ಲ. ಒಂದು ವಾರ ಜ್ವರ ಅಂದೆ, ಇನ್ನೊಂದು ವಾರ ಆಫೀಸು. ನನ್ನ ಟೋಕನ್ ಆಲ್ಬಮ್ ತೆರೆದಿಲ್ಲ.

ನೇತ್ರಾ ರೊಟ್ಟಿ ಬಡಿಯುತ್ತಾ ಹೇಳಿದಳು: "ವಿಜಯಶ್ರೀ ಈ ಸಲ ನಮ್ಮ ಕನ್ನಡದವ್ರ ಯುಗಾದಿಗೆ ಬರೂದಿಲ್ಲಂತ್ರಿ. ಸುದ್ದಿ ಎಲ್ಲಾರಿಗೂ ಮುಟ್ಟಿ ಕಳ್ಳಿ ಅಂತ ಹೆಸರು ಬಂದೈತಿ, ಹೆಂಗ ಬರ್ಲಿ ಅಂತ ಅತ್ಲು."

ಹೇಳಿಬಿಟ್ಟೆ. ಎಲ್ಲಾ.

ಒಲೆ ಆರಿಸಿದಳು. "ಅಕಿ ನನ್ನ ಕೈಯಾಗ ಉಂಡಾಳ್ರಿ." ಇಷ್ಟೇ. ಬೈದಿದ್ದರೆ ಚೆನ್ನಾಗಿತ್ತು.

ಮಾರ್ಚ್ 10, ಭಾನುವಾರ

ಬೆಳಿಗ್ಗೆ ಓಟ್ಮಾರ್ ಮನೆ. ಟೋಕನ್ ಅವರ ಕೈಯಲ್ಲಿಟ್ಟೆ. ಹೇಳಿದೆ. ಟ್ರೇಯ ಖಾಲಿ ಗುಳಿಯನ್ನು ಬೆರಳಿನಿಂದ ಹುಡುಕಿ ಅದನ್ನು ಅಲ್ಲಿಟ್ಟರು.

"ನನ್ನ ಕ್ಷಮೆ ಆಮೇಲಿರಲಿ. ಆ ಹುಡುಗಿಗೆ ನಾನೂ ಅನ್ಯಾಯ ಮಾಡಿದ್ದೇನೆ, ಮಗಳನ್ನು ಕರೆದುಕೊಂಡು ಹೋಗುತ್ತೇನೆ. ಮೊದಲು ನೀವು ಹೋಗಿ."

ಕೋಟು ಹಾಕಿಕೊಳ್ಳುವಾಗ, "ಶನಿವಾರ ಇನ್ನು ಬರಬೇಡಿ."

ಅದೇ ದಿನ, 4 ಗಂಟೆ

ವಿಜಯಶ್ರೀಯ ಹಾಸ್ಟೆಲ್. ಒಳಗೆ ಕರೆಯಲಿಲ್ಲ. ಕಾರಿಡಾರಿನಲ್ಲೇ ನಿಂತು ಹೇಳಿದೆ. ಅಳುತ್ತಾಳೆ ಅಂದುಕೊಂಡಿದ್ದೆ. ಅಳಲಿಲ್ಲ.

"ಅಜ್ಜಾರು ನನ್ನ ಬಗ್ಗೆ ನಿಮ್ಮನ್ನ ಕೇಳಿರ್ಬೇಕಲ್ರಿ, ಆಗ ಏನಂದ್ರಿ?"

"ಗೊತ್ತಿಲ್ಲ ಅಂದೆನವಾ."

"ನಾ ಕೇಳಿದಾಗ ಗೊತ್ತೈತಿ ಅಂದ್ರಿ."

ತಪ್ಪಾತು ತಂಗಿ ಅಂದೆ. ನಲವತ್ತಾರು ವರ್ಷದವನು.

"ಇಲ್ಲಿ ಬಂದು ನನಗ ಒಬ್ಬಾಕಿಗೆ ಹೇಳಿದ್ರ ಏನಾತ್ರಿ? ಕಳ್ಳಿ ಅಂದಾವ್ರು ಎಲ್ಲಾರೂ ಯುಗಾದಿಗೆ ಬರ್ತಾರ. ಅಲ್ಲೇ ನಿಂತು ಹೇಳ್ರಿ. ನಾ ಬಂದು ಕೇಳ್ತೀನಿ."

ಏಪ್ರಿಲ್ 13

ಯುಗಾದಿ ಕೂಟ, ಬಾಡಿಗೆ ಹಾಲ್. ಅರವತ್ತು ಜನ, ಒಬ್ಬಟ್ಟಿನ ವಾಸನೆ, ಮಕ್ಕಳು ಜರ್ಮನ್‌ನಲ್ಲಿ ಕೂಗಾಡುತ್ತಿದ್ದವು. ವಿಜಯಶ್ರೀ ಬಂದಿದ್ದಳು. ಬಾಗಿಲ ಹತ್ತಿರ, ಜಾಕೆಟ್ ಕೂಡ ತೆಗೆಯದೆ ನಿಂತಿದ್ದಳು.

ಮೈಕ್ ಕೇಳಿದೆ. ಹಾಡ್ತಾನೆ ಅಂದುಕೊಂಡು ಚಪ್ಪಾಳೆ ತಟ್ಟಿದರು.

"ಎಲ್ಲಾರಿಗೂ ನಮಸ್ಕಾರ್ರಿ. ಓಟ್ಮಾರ್ ಅಜ್ಜಾರ ಮನ್ಯಾಗ ಒಂದ್ ಕಳವಾಗಿತ್ತು. ವಿಜಯಶ್ರೀ ಮಾಡಿಲ್ಲ. ಮಾಡಿದಾಂವ ನಾನು."

ಚಪ್ಪಾಳೆ ನಿಂತಿತು. ನೇತ್ರಾ ತಲೆ ತಗ್ಗಿಸಿದಳು. ವಿಜಯಶ್ರೀ ಜಾಕೆಟ್ ತೆಗೆದು, ಖಾಲಿ ಕುರ್ಚಿಯೊಂದನ್ನು ಹುಡುಕಿ, ಎಲ್ಲರ ನಡುವೆ ಕುಳಿತಳು. ಮೈಕ್ ಇನ್ನೂ ನನ್ನ ಕೈಯಲ್ಲೇ. ಇಸಿದುಕೊಳ್ಳಲು ಯಾರೂ ಬರಲಿಲ್ಲ.